ಎರಡು ವಿಸಿಲ್

ಜೂನ್ 9, ಸೋಮವಾರ

ಈ ಡೈರಿ ಬ್ಯಾಂಕಿನವರು ಅತ್ತೆಗೆ ಕೊಟ್ಟಿದ್ದು. ಅತ್ತೆಗೆ ಓದು ಬರಹ ಇಲ್ಲ, ಅದರ ಮೇಲೆ ಟೀವಿ ರಿಮೋಟ್ ಇಟ್ಟುಕೊಳ್ಳುತ್ತಿದ್ದರು. ಇವತ್ತು ಮಧ್ಯಾಹ್ನ ಕೇಳಿ ತೆಗೆದುಕೊಂಡೆ. "ಏನ್ ಬರೀತೀಯವ್ವ ಅದ್ರಲ್ಲಿ?" ಎಂದರು. ಡ್ಯೂಟಿ ಟೈಮು ಎಂದು ಸುಳ್ಳು ಹೇಳಿದೆ.

ಬರೆಯುವುದಕ್ಕೆ ಇರುವುದು ಒಂದೇ ವಿಷಯ. ಇವರು ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಎಪ್ಪತ್ತಮೂರು ದಿನ.

ಮಾರ್ಚ್ 28ಕ್ಕೆ ಡ್ರೈವರ್ ಪರೀಕ್ಷೆಯ ಫಲಿತಾಂಶ ಬಂತು. ಅಲ್ಲಿಯವರೆಗೆ ನಾವಿಬ್ಬರೂ ಒಂದೇ ಡಿಪೋದಲ್ಲಿ ಕಂಡಕ್ಟರುಗಳು. ಇವರು ಒಂಬತ್ತು ವರ್ಷದಿಂದ, ನಾನು ಐದು ವರ್ಷದಿಂದ. ಇಬ್ಬರೂ ಒಟ್ಟಿಗೇ ಅರ್ಜಿ ಹಾಕಿದೆವು, ಒಟ್ಟಿಗೇ ಟ್ರ್ಯಾಕಿಗೆ ಹೋದೆವು. ಬಸ್ಸನ್ನು ಎಸ್ ಆಕಾರದಲ್ಲಿ ರಿವರ್ಸ್ ತರಬೇಕು, ಕಂಬಕ್ಕೆ ತಾಗಬಾರದು. ಇವರು ಎರಡು ಸಲ ತಾಗಿಸಿದರು. ನಾನು ತಾಗಿಸಲಿಲ್ಲ. ನಾನು ಮಾಡಿದ ಅಪರಾಧ ಇಷ್ಟೇ.

ಮೊದಲ ಹತ್ತು ದಿನ ನಾನೇ ಮೇಲೆ ಬಿದ್ದು ಮಾತಾಡಿಸಿದೆ. ಹೂಂ ಇಲ್ಲ, ಉಹೂಂ ಇಲ್ಲ. ನನಗೂ ಕೋಪ ಬಂತು, ಹೋಗಲಿ ಎಂದು ಬಿಟ್ಟೆ. ಈಗ ಮನೆಯಲ್ಲಿ ಎಲ್ಲವೂ ಅತ್ತೆಯ ಮೂಲಕವೇ. "ಅಮ್ಮಾ, ಸಾರಿಗೆ ಉಪ್ಪು ಸಾಲ್ದು ಅಂತ ಹೇಳು." "ಅತ್ತೆ, ಉಪ್ಪಿನ್ ಡಬ್ಬ ಕಣ್ಮುಂದೇನೇ ಇದೆ ಅಂತ ಹೇಳಿ." ಅತ್ತೆ ಇಬ್ಬರ ಮುಖವನ್ನೂ ನೋಡಿ, "ನಾನೇನ್ ಪೋಸ್ಟಾಪೀಸಾ?" ಎಂದು ಮುದ್ದೆ ಮುರಿಯುತ್ತಾರೆ.

ಇವತ್ತು ಡಿಪೋದಲ್ಲಿ ಡ್ಯೂಟಿ ಹಾಕುವ ಆನಂದಪ್ಪನವರು ಕರೆದರು. "ಶಿಲ್ಪಾ, ನಾಳೆಯಿಂದ ನೀನೂ ಶಿವರಾಮೂ ಒಂದೇ ಗಾಡಿ. ಸಿಂಗಾಪುರದಿಂದ ಆರ್.ಟಿ. ನಗರ, ಫಸ್ಟ್ ಶಿಫ್ಟು. ಗಂಡ ಹೆಂಡ್ತಿ ಒಂದೇ ಸ್ಕೂಟರಲ್ಲಿ ಬನ್ನಿ, ಒಂದೇ ಸ್ಕೂಟರಲ್ಲಿ ಹೋಗಿ. ಸಂತೋಷ ತಾನೆ?" ನಮ್ಮ ಮನೆಯ ಸಮಾಚಾರ ಅವರಿಗೇನು ಗೊತ್ತು? ಒಳ್ಳೆಯದು ಮಾಡಿದೆನೆಂದು ಮುಖ ಅರಳಿಸಿಕೊಂಡು ಕೂತಿದ್ದರು. ತುಂಬಾ ಥ್ಯಾಂಕ್ಸ್ ಸಾರ್ ಎಂದು ಬಂದೆ.

ನಿಜ ಹೇಳಬೇಕೆಂದರೆ ಒಳಗೊಳಗೇ ಆಸೆಯಾಯಿತು. ಕಂಡಕ್ಟರ್ "ರೈಟ್" ಎನ್ನದೆ ಡ್ರೈವರ್ ಗಾಡಿ ಎತ್ತುವ ಹಾಗಿಲ್ಲ. ಮನೆಯಲ್ಲಿ ಮಾತಾಡದಿದ್ದರೂ ಬಸ್ಸಿನಲ್ಲಿ ಅಷ್ಟಾದರೂ ಹೇಳಲೇಬೇಕಲ್ಲ. ದಿನಕ್ಕೆ ನೂರಿನ್ನೂರು ಸಲ. ನೋಡೋಣ.

ಜೂನ್ 10, ಮಂಗಳವಾರ

ಹೇಳಲಿಲ್ಲ! ವಿಸಿಲ್ ಊದಿದರು!

ಬೆಳಿಗ್ಗೆ ಐದು ಗಂಟೆಗೆ ಸ್ಕೂಟರ್ ಏರಿದೆವು. ಹಿಂದೆ ಕೂತವಳು ಹಿಡಿದುಕೊಂಡಿದ್ದಾಳೋ ಇಲ್ಲವೋ ಎಂದು ಕೂಡ ಕೇಳದೆ ಹೊರಟರು. ಡಿಪೋದಲ್ಲಿ ಬಸ್ಸು ತೆಗೆದುಕೊಂಡು ಸಿಂಗಾಪುರಕ್ಕೆ ಬಂದು, ಸೀಟು ಮುಂದಕ್ಕೆ ಎಳೆದು, ಕನ್ನಡಿ ಸರಿ ಮಾಡಿ ಕಾದೆ. ಹಿಂದಿನಿಂದ ಪೀ, ಪೀ ಎಂದು ಎರಡು ವಿಸಿಲ್. ಹೊರಡು ಎಂದರ್ಥ. ಒಂದು ವಿಸಿಲ್ ಎಂದರೆ ನಿಲ್ಲಿಸು. ವಿಸಿಲ್ ಊದುವ ಕಂಡಕ್ಟರುಗಳು ಇಲ್ಲವೆಂದಲ್ಲ. ಆದರೆ ಇವರು ಒಂಬತ್ತು ವರ್ಷ ಅದನ್ನು ಜೇಬಿನಿಂದ ಆಚೆ ತೆಗೆದವರಲ್ಲ. ಬಾಗಿಲಿನ ಪಕ್ಕ ತಗಡಿನ ಮೇಲೆ ಎರಡೇಟು ಹಾಕಿ "ರೈಟ್ ರೈಟ್ ಪೋಲಾಂ ರೈಟ್" ಎಂದು ಕೂಗಿದರೆ ಮುಂದಿನ ಸ್ಟಾಪಿನವರಿಗೂ ಕೇಳಬೇಕು. ಡಿಪೋದಲ್ಲಿ ಇವರ ಗಂಟಲಿಗೆ ಹೆಸರಿದೆ.

ಗಂಟಲು ಎಲ್ಲೂ ಹೋಗಿಲ್ಲ. ಪ್ರಯಾಣಿಕರ ಜೊತೆ ಬೇಕಾದಷ್ಟು ಮಾತಾಡುತ್ತಾರೆ. "ಎಬ್ಬಾಳ ಎಬ್ಬಾಳ ಎಬ್ಬಾಳ! ಒಳಗ್ ಹೋಗಮ್ಮ, ಒಳಗೆ ಇನ್ನೊಂದು ಮದುವೆ ಮಾಡೋಷ್ಟು ಜಾಗ ಇದೆ. ಏನ್ ಅಜ್ಜಿ, ಮಂಡಿ ನೋವು ಹೆಂಗಿದೆ?" ಎಂಟು ಗಂಟೆ ಕಾಲ ಅದನ್ನೇ ಬೆನ್ನಿನ ಹಿಂದೆ ಕೇಳುತ್ತಾ ಗಾಡಿ ಓಡಿಸಿದೆ. ನಾನೂ ಹೆಂಗಸರ ಉಚಿತ ಟಿಕೆಟ್ ಒಂದು ಹರಿಸಿಕೊಂಡು ಕೂತಿದ್ದರೆ "ಒಳಗ್ ಹೋಗಮ್ಮ" ಅಂತಲಾದರೂ ಅನ್ನುತ್ತಿದ್ದರು.

ಜೂನ್ 13, ಶುಕ್ರವಾರ

ಇವರ ವಿಸಿಲ್ ನನಗೆ ಗುರುತು ಸಿಗುತ್ತದೆ. ಮೊದಲನೆಯದು ಚಿಕ್ಕದು, ಎರಡನೆಯದನ್ನು ಎಳೆಯುತ್ತಾರೆ. ಹೆಬ್ಬಾಳದಲ್ಲಿ ಏಳೆಂಟು ಬಸ್ಸು ಒಟ್ಟಿಗೆ ನಿಂತು ಎಲ್ಲರೂ ಊದಿದರೂ ಇವರದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ.

ಇಂಥದ್ದನ್ನೆಲ್ಲ ಹೆಮ್ಮೆಯಿಂದ ಬರೆಯುವ ಗತಿ ಬಂತಲ್ಲ ನನಗೆ.

ಜೂನ್ 19, ಗುರುವಾರ

ವಿದ್ಯಾರಣ್ಯಪುರದಲ್ಲಿ ಒಬ್ಬ ಮೆಟ್ಟಿಲ ಮೇಲೆ ಕಾಲಿಟ್ಟು, ನನ್ನನ್ನು ನೋಡಿ, "ಓ, ಲೇಡೀಸಾ? ಹಿಂದಿನ್ ಗಾಡೀಲಿ ಬರ್ತೀನಿ" ಎಂದು ಇಳಿದುಹೋದ. ಅದು ಮಾಮೂಲು, ವಾರಕ್ಕೆ ಒಬ್ಬ ಸಿಗುತ್ತಾನೆ. ಬೇಜಾರಾಗಿದ್ದು ಅದಕ್ಕಲ್ಲ.

ಕೊಡಿಗೇಹಳ್ಳಿಯಲ್ಲಿ ಹತ್ತಿದ ಇನ್ನೊಬ್ಬನಿಗೆ ನಾವು ಗಂಡ ಹೆಂಡತಿ ಎಂದು ಯಾರು ಹೇಳಿದರೋ. ಟಿಕೆಟ್ ತೆಗೆದುಕೊಳ್ಳುತ್ತಾ ಇಡೀ ಬಸ್ಸಿಗೆ ಕೇಳುವ ಹಾಗೆ, "ಏನ್ ಗುರು, ಮನೇಲೂ ಅವ್ರೇ ಡ್ರೈವರ್ರಾ? ನೀನು ಬರೀ ಟಿಕೆಟ್ಟಾ?" ಎಂದ. ನಾಲ್ಕೈದು ಜನ ನಕ್ಕರು. ನಾನು ಒಳಗನ್ನಡಿಯಲ್ಲಿ ನೋಡಿದೆ. ಇವರು ಚಿಲ್ಲರೆ ಕೊಟ್ಟು ಹಿಂದಕ್ಕೆ ಹೋದರು. ಕಿವಿ ಕೆಂಪಾಗಿತ್ತು. ಎದ್ದು ಹೋಗಿ ಆ ಕಿವಿಯನ್ನು ಒಂದು ಸಲ ಮುಟ್ಟಬೇಕು ಅನ್ನಿಸಿತು. ಸ್ಟೇರಿಂಗ್ ಹಿಡಿದವಳು ಎದ್ದು ಎಲ್ಲಿಗೆ ಹೋಗುವುದು?

ಅವನು ಗಂಗಾನಗರದಲ್ಲಿ ಇಳಿಯುವಾಗ ಬೇಕೆಂದೇ ಹತ್ತು ಹೆಜ್ಜೆ ಮುಂದೆ, ಮೋರಿ ಕಟ್ಟಿ ಕೊಚ್ಚೆ ನಿಂತಿದ್ದ ಕಡೆ ಬಾಗಿಲು ತೆಗೆದೆ. ತಪ್ಪು. ಮತ್ತೆ ಮಾಡುವುದಿಲ್ಲ.

ರೆಹಾನಾಗೆ ಊಟದ ಹೊತ್ತಿನಲ್ಲಿ ಎಲ್ಲ ಹೇಳಿಕೊಂಡೆ. ಅವಳು ಯಲಹಂಕದ ಗಾಡಿಯಲ್ಲಿ ಕಂಡಕ್ಟರು, ನನ್ನ ಜೊತೆಯವಳು. "ಅಯ್ಯೋ ಪುಣ್ಯವಂತೆ! ನನ್ ಗಂಡ ಎರಡು ದಿನ ಬಾಯ್ ಮುಚ್ಕೊಂಡ್ರೆ ನಾನು ಬಿರಿಯಾನಿ ಹಂಚ್ತೀನಿ" ಎಂದಳು. ನಾನು ನಗಲಿಲ್ಲವೆಂದು ಡಬ್ಬಿಯಿಂದ ಒಂದು ಮೊಟ್ಟೆ ಎತ್ತಿ ನನ್ನ ತಟ್ಟೆಗೆ ಹಾಕಿದಳು.

ಜೂನ್ 22, ಭಾನುವಾರ

ರಜ. ಇವರು ಬೆಳಿಗ್ಗೆಯೇ ಎಲ್ಲಿಗೋ ಹೋದರು. ಅತ್ತೆ ಸೊಪ್ಪು ಬಿಡಿಸುತ್ತಿದ್ದಾರೆ. ಬಟ್ಟೆ ಒಗೆದಾಯಿತು. ಏನೂ ತೋಚುತ್ತಿಲ್ಲ.

ಹೋದ ವರ್ಷ ಇದೇ ಹೊತ್ತಿಗೆ ಭಾನುವಾರವೆಂದರೆ ಮುಜಫ್ಫರಣ್ಣನ ಸ್ಕೂಲ್ ವ್ಯಾನ್ ಕೇಳಿ ತಂದು, ಕೆರೆ ಹಿಂದಿನ ಖಾಲಿ ಮೈದಾನದಲ್ಲಿ ನನಗೆ ಸ್ಟೇರಿಂಗ್ ಕೊಟ್ಟವರು ಇವರೇ. ಅವರಿಗೇ ಸರಿಯಾಗಿ ಬರುತ್ತಿರಲಿಲ್ಲ, ಆದರೂ ಪಾಠವೇನು ಕಡಿಮೆ ಇರಲಿಲ್ಲ. "ಕ್ಲಚ್ ಮೇಲೆ ಕಾಲಿಟ್ಕೊಂಡು ಕನಸು ಕಾಣ್ಬೇಡ್ವೇ. ಬಿಡು, ನಿಧಾನಕ್ಕೆ ಬಿಡು, ಅಯ್ಯೋ, ಎಮ್ಮೆ ಎಮ್ಮೆ!" ಎಮ್ಮೆ ಎಂದಿದ್ದು ನನಗೋ, ಎದುರಿಗಿದ್ದ ಎಮ್ಮೆಗೋ ಎಂದು ಮೂರು ದಿನ ಜಗಳವಾಡಿ ನಕ್ಕಿದ್ದೆವು. ಇಬ್ಬರೂ ಪಾಸಾದರೆ ಅತ್ತೆಯನ್ನು ನನ್ನ ಬಸ್ಸಿನಲ್ಲಿ ಹೋಗುವಾಗ, ಅವರ ಬಸ್ಸಿನಲ್ಲಿ ಬರುವಾಗ ಕೂರಿಸುವುದು ಎಂದು ಮಾತಾಗಿತ್ತು.

ಅದೆಲ್ಲ ಇರಲಿ, ಊಟದ ಹೊತ್ತಿನ ವರದಿ ನೆನಪಾದರೆ ಸಂಕಟವಾಗುತ್ತದೆ. ಕೈ ತೊಳೆದು ಕೂತರೆ ಆವತ್ತಿನ ಬಸ್ಸಿನ ಜನರೆಲ್ಲ ನಮ್ಮ ಅಡುಗೆಮನೆಗೆ ಬರುತ್ತಿದ್ದರು. ಕೊಕ್ಕರೆ ಹಾಗೆ ನಿಲ್ಲುವ ಮೇಷ್ಟ್ರು, ಫೋನಿನಲ್ಲಿ ಅಳಿಯನನ್ನು ಬೈಯುವ ಅಮ್ಮ, ಎಲ್ಲರ ದನಿಯನ್ನೂ ತೆಗೆದು ತೋರಿಸುತ್ತಿದ್ದರು. ಅತ್ತೆಗೆ ನಗು ತಡೆಯಲಾರದೆ ನೆತ್ತಿಗೇರುತ್ತಿತ್ತು. ಈಗ ಮೂವರೂ ಟೀವಿ ನೋಡಿಕೊಂಡು ಉಣ್ಣುತ್ತೇವೆ.

ನನಗೆ ಇವರ ಮಾತು ಬೇಕು. ಪ್ರೀತಿಯ ಮಾತೇ ಆಗಬೇಕೆಂದಿಲ್ಲ. ಬೈದರೂ ಸಾಕು.

ಜೂನ್ 26, ಗುರುವಾರ

ಅತ್ತೆ ಪಕ್ಕದಲ್ಲಿ ಬಂದು ಕೂತು ಸೆರಗಿನ ತುದಿ ತಿರುಚುತ್ತಾ ಹೇಳಿದರು. "ಸಿಲ್ಪಾ, ಅವನ್ ಬಾಯಿಂದ ಇವತ್ತು ಇಷ್ಟು ಈಚೆಗ್ ಬಂತು. ನೀನು ಸ್ಟೇರಿಂಗ್ ಬ್ಯಾಡ, ಮೊದ್ಲಿನಂಗೇ ಕಂಡಕ್ಟರ್ ಮಾಡ್ತೀನಿ ಅಂತ ಬರ್ಕೊಟ್ರೆ ಎಲ್ಲಾ ಸರಿ ಓಯ್ತದಂತೆ. ಮೊದ್ಲಿನಂಗೇ ಇರ್ತಾನಂತೆ. ನಾನ್ ಏಳಿದ್ದಲ್ಲವ್ವ, ಅವನ್ ಏಳಿದ್ದು."

"ನೀವೇನಂತೀರಿ ಅತ್ತೆ?" ಎಂದೆ.

"ನಾನೇನ್ ಏಳ್ಲಿ? ನಿಮ್ ಮಾವ ಒಂದ್ಸಲ ಮಾತು ಬಿಟ್ಟು ವರ್ಸಾನುಗಟ್ಲೆ ಇದ್ರು. ನಾನು ಓಗಿ ಕಾಲ್ ಇಡ್ಕೊಂಡೆ." ತಿರುಚಿದ ಸೆರಗನ್ನು ಬಿಡಿಸುತ್ತಾ, "ಇಂಗೇ ಎಷ್ಟ್ ದಿನ?" ಎಂದರು.

ಮೊದಲಿನ ಹಾಗೇ ಇರುತ್ತಾರಂತೆ.

ಜೂನ್ 27, ಶುಕ್ರವಾರ

ಬರೆದೇಬಿಟ್ಟೆ. "ವೈಯಕ್ತಿಕ ಕಾರಣಗಳಿಂದ ನನ್ನನ್ನು ಚಾಲಕಿಯ ಕೆಲಸದಿಂದ ಬಿಡಿಸಿ ಮೊದಲಿನಂತೆ ನಿರ್ವಾಹಕಿಯಾಗಿ ಮುಂದುವರಿಸಬೇಕಾಗಿ ಕೋರಿಕೆ." ನಾನಿನ್ನೂ ಒಂದು ವರ್ಷದ ಪರೀಕ್ಷಾ ಅವಧಿಯಲ್ಲಿರುವುದರಿಂದ ತಕರಾರಿಲ್ಲದೆ ಒಪ್ಪುತ್ತಾರೆ ಎಂದು ರೆಹಾನಾ ಹೇಳಿದಳು. ಹೇಳಿ ನನ್ನ ಜೊತೆ ಟೀಗೆ ಬರದೆ ಹೊರಟುಹೋದಳು. ಅವಳಿಗೇನು ಕೋಪವೋ.

ನಾಳೆ ಆನಂದಪ್ಪನವರಿಗೆ ಕೊಡುತ್ತೇನೆ. ನಾಳಿದ್ದು ಊಟದ ಹೊತ್ತಿಗೆ ಮಾತು.

ಜೂನ್ 30, ಸೋಮವಾರ

ಶನಿವಾರ ಆನಂದಪ್ಪನವರು ಬಂದಿರಲಿಲ್ಲ. ಇವತ್ತು ಬಂದಿದ್ದರು, ಆದರೆ ಕಿಟಕಿ ಮುಂದೆ ಜನವಿತ್ತು.

ಜುಲೈ 2, ಬುಧವಾರ

ಅರ್ಜಿಯ ಜೆರಾಕ್ಸ್ ಒಂದು ಇಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ.

ಗಾಡಿಯ ಎರಡನೇ ಗೇರು ಬಿಗಿ ಬೀಳುತ್ತಿದೆ. ಎರಡು ದಿನದಿಂದ ಮೆಕ್ಯಾನಿಕ್‌ಗೆ ಹೇಳುತ್ತಿದ್ದೇನೆ. "ನಿಮ್ ಕೈಲಿ ಶಕ್ತಿ ಸಾಲ್ದು ಮೇಡಂ" ಎಂದ. ಇವತ್ತು ಅವನನ್ನೇ ಕೂರಿಸಿ ಹಾಕಿಸಿದೆ. ಅವನಿಗೂ ಬೀಳಲಿಲ್ಲ. ತೆಪ್ಪಗೆ ಕೆಳಗೆ ನುಗ್ಗಿ ಸರಿ ಮಾಡಿಕೊಟ್ಟ. ಈಗ ಎಷ್ಟು ಸಲೀಸಾಗಿ ಬೀಳುತ್ತದೆಂದರೆ ಸಹಕಾರನಗರದ ಹತ್ತಿರ ಬೇಡದಿದ್ದರೂ ಒಂದು ಸಲ ಹಾಕಿ ನೋಡಿದೆ.

ಜುಲೈ 4, ಶುಕ್ರವಾರ

ಇವತ್ತಿನದನ್ನು ಬರೆದಿಡಲೇಬೇಕು. ಸಿಂಗಾಪುರದಲ್ಲಿ ಬಸ್ಸು ತಿರುಗಿಸುವ ಕಡೆ ಯಾರೋ ಎರಡು ಕಾರು ನಿಲ್ಲಿಸಿಕೊಂಡು ಹೋಗಿದ್ದರು. ಒಂದು ಕಡೆ ಕಾರು, ಇನ್ನೊಂದು ಕಡೆ ಕರೆಂಟ್ ಕಂಬ, ಹಿಂದೆ ಎಳನೀರಿನ ಗಾಡಿ. "ಕಾರಿನವ್ರು ಬರೋವರೆಗೂ ಆಗಲ್ಲ ಬಿಡಿ" ಎಂದು ಪ್ರಯಾಣಿಕರು ಇಳಿಯತೊಡಗಿದರು. ನಾನು ಒಂದು ಸಲ ಇಳಿದು ಸುತ್ತ ನೋಡಿಬಂದೆ. ಇವರು ಹಿಂದೆ ಹೋಗಿ ನಿಂತರು. ಸ್ಟೇರಿಂಗ್ ಎಡಕ್ಕೆ ಪೂರ್ತಿ ಒಡೆದೆ, ಬಿಟ್ಟೆ, ಮತ್ತೆ ಅರ್ಧ ಒಡೆದೆ. ಒಂದೇ ಸಲಕ್ಕೆ ಬಂತು! ಕಂಬಕ್ಕೂ ಗಾಡಿಗೂ ನಡುವೆ ಒಂದು ಅಂಗೈ ಜಾಗ. ಎಳನೀರಿನವನು ಮಚ್ಚು ಕೆಳಗಿಟ್ಟು ಚಪ್ಪಾಳೆ ಹೊಡೆದ. "ಅಕ್ಕಾ, ನೀವು ಬೆಣ್ಣೇಲಿ ಕೂದಲು ಎಳ್ದಂಗೆ ತಂದ್ರಿ" ಎಂದು ಒಂದು ಎಳನೀರು ಕೊಟ್ಟ. ದುಡ್ಡು ಬೇಡವೆಂದ, ಬಿಡಲಿಲ್ಲ ನಾನು.

ಆಮೇಲೆ ಯೋಚಿಸಿದಾಗ ನೆನಪಾಯಿತು, ಹಿಂದೆ ನಿಂತು ಇವರು ಎಷ್ಟು ವಿಸಿಲ್ ಹೊಡೆದರು ಎಂದು ನಾನು ಗಮನಿಸಿಯೇ ಇಲ್ಲ.

ಅರ್ಜಿ ಬ್ಯಾಗಿನಲ್ಲೇ ಇದೆ. ಶುಕ್ರವಾರ ಕೊಡುವುದು ಬೇಡ ಎಂದುಕೊಂಡೆ.

ಜುಲೈ 9, ಬುಧವಾರ

ಇವತ್ತು ನಾನು ಕಂಡಕ್ಟರನ್ನು ಬಿಟ್ಟು ಬಸ್ಸು ತೆಗೆದುಕೊಂಡು ಹೋದೆ.

ಸಹಕಾರನಗರದಲ್ಲಿ ಸೊಣ್ಣಮ್ಮ ಎಂಬ ಅಜ್ಜಿ ದಿನಾ ಸೊಪ್ಪಿನ ಮೂಟೆ ಜೊತೆ ಹತ್ತುತ್ತಾರೆ. ಇವತ್ತು ಮುಂದಿನ ಸೀಟಿನಲ್ಲೇ, ನನ್ನ ಬೆನ್ನಿಗೇ ಕೂತಿದ್ದರು. ಇವರು ಅಜ್ಜಿಯ ಪಕ್ಕ ಕಂಬಕ್ಕೆ ಒರಗಿ ನಿಂತು ಕಥೆ ಶುರು ಮಾಡಿದರು. ನೆನ್ನೆ ಮನೆಯಲ್ಲಿ ಅತ್ತೆ ಟೀವಿ ರಿಮೋಟ್ ಎಂದುಕೊಂಡು ನನ್ನ ಫೋನನ್ನು ಟೀವಿಗೆ ಹಿಡಿದು ಒತ್ತಿದ್ದು, ಅದು ರೆಹಾನಾಗೆ ಹೋಗಿದ್ದು, ರೆಹಾನಾ ಆ ಕಡೆಯಿಂದ ಹಲೋ ಹಲೋ ಎಂದಾಗ ಅತ್ತೆ ಟೀವಿಯವಳೇ ಮಾತಾಡಿದಳು ಎಂದು ಹೆದರಿದ್ದು. ಅತ್ತೆಯ ದನಿ, ರೆಹಾನಾಳ ದನಿ, ಎರಡನ್ನೂ ತೆಗೆದರು. ಅಜ್ಜಿ ಬಿದ್ದು ಬಿದ್ದು ನಕ್ಕರು. ಇವರೂ ನಕ್ಕರು. ಅದು ನನ್ನ ಮನೆಯ ಕಥೆ. ನಾನೂ ಅಲ್ಲೇ ಇದ್ದೆ, ಒಬ್ಬಳೇ ಅಡುಗೆಮನೆಯಲ್ಲಿ ನಕ್ಕಿದ್ದೆ. ಅದನ್ನು ಈ ಸೊಪ್ಪಿನ ಅಜ್ಜಿಗೆ ಹೇಳುತ್ತಿದ್ದಾರೆ, ನನಗಲ್ಲ. ಕಣ್ಣು ಮಂಜಾಯಿತು. ಒರೆಸಿಕೊಂಡು ಓಡಿಸಿದೆ.

ಹೆಬ್ಬಾಳದಲ್ಲಿ ಅಜ್ಜಿ ಇಳಿಯುವಾಗ ಇವರೇ ಮೂಟೆ ಹೊತ್ತು ಕೆಳಗಿಳಿದರು. ಇಳಿದ ಮೇಲೂ ಮಾತು ಮುಗಿದಿರಲಿಲ್ಲ. ಅಷ್ಟರಲ್ಲಿ ಎರಡು ವಿಸಿಲ್ ಕೇಳಿತು. ನಾನು ಬಾಗಿಲ ಗುಂಡಿ ಒತ್ತಿ ಗಾಡಿ ಎತ್ತಿದೆ. ಎಡಗನ್ನಡಿಯಲ್ಲಿ ನೋಡಿದರೆ ಇವರು ಓಡಿ ಬರುತ್ತಿದ್ದಾರೆ. ಟಿಕೆಟ್ ಮಿಷನ್ ಹೊಟ್ಟೆಗೆ ಬಡಿಯುತ್ತಿದೆ, ಒಂದು ಕೈ ಮೇಲೆತ್ತಿದ್ದಾರೆ, ಬಾಯಿ ತೆರೆದು ಕೂಗುತ್ತಿದ್ದಾರೆ. ಕೇಳಿಸಲಿಲ್ಲ. ಗಾಜು ಹಾಕಿತ್ತು, ಹಿಂದಿನಿಂದ ಯಾರ್‍ಯಾರದೋ ಹಾರ್ನ್ ಬೇರೆ. ಗಾಡಿ ಆಗಲೇ ಆಚೆಗೆ ಬಂದಿತ್ತು, ಫ್ಲೈಓವರ್ ಕೆಳಗೆ ನಿಲ್ಲಿಸಲು ಜಾಗವೇ ಇಲ್ಲ. ಒಳಗೆ ಯಾರೋ "ಮೇಡಂ, ಕಂಡಕ್ಟ್ರು ಹತ್ತಿಲ್ಲ!" ಎಂದರು. ಇನ್ನೊಬ್ಬರು "ಹೆಂಡ್ತಿ ಬಿಟ್ಟೋದ್ಲು ಕಣ್ರೋ" ಎಂದರು. ಇಡೀ ಬಸ್ಸು ನಕ್ಕಿತು.

ಗಂಗಾನಗರದಲ್ಲಿ ನಿಲ್ಲಿಸಿ ಕಾದೆ. ಆಟೋದಲ್ಲಿ ಬಂದಿಳಿದರು. ಮುಖ ಬಿಳಿಚಿಕೊಂಡಿತ್ತು. ಈಗ ಬೈಯುತ್ತಾರೆ ಎಂದು ಕಾದೆ, ದೇವರಾಣೆ ಆಸೆಯಿಂದ ಕಾದೆ. ಹತ್ತಿದರು. ಎರಡು ವಿಸಿಲ್ ಊದಿದರು.

ವಿಸಿಲ್ ಪಕ್ಕದ ಬಸ್ಸಿನದ್ದು. ಗಲಾಟೆಯಲ್ಲಿ ಇವರದ್ದೇ ಅನ್ನಿಸಿತು. ಯಾರಿಗಾದರೂ ಆಗಬಹುದಾದ ತಪ್ಪು.

ಜುಲೈ 10, ಗುರುವಾರ

ಯಾರೋ ಪ್ರಯಾಣಿಕರು ವಿಡಿಯೋ ಮಾಡಿ ಡಿಪೋಗೆ ಕಳಿಸಿದ್ದಾರೆ. ಬಸ್ಸಿನ ಒಳಗಿಂದ ತೆಗೆದದ್ದು, ಇವರು ಓಡಿ ಬರುವುದು ಮಾತ್ರ ಕಾಣುತ್ತದೆ. ಆನಂದಪ್ಪನವರು ಇಬ್ಬರಿಗೂ ಬೇರೆ ಬೇರೆ ಹೇಳಿಕೆ ಬರೆದುಕೊಡಲು ಹೇಳಿದರು. "ಕಂಡಕ್ಟ್ರು ವಿಸಿಲ್ ಕೊಡ್ದೆ ಗಾಡಿ ಎತ್ತಿದ್ರೆ ಡ್ರೈವರ್ ತಪ್ಪು. ಪರೀಕ್ಷಾ ಅವಧೀಲಿ ಇದೀಯ ಶಿಲ್ಪಾ, ಸ್ಟೇರಿಂಗ್ ಹೋಗುತ್ತೆ. ಡ್ರೈವರ್‌ಗೆ ಹೇಳ್ದೆ ಕೆಳಗಿಳಿದಿದ್ರೆ ಅವನ ತಪ್ಪು. ಏನಾಯ್ತೋ ಅದನ್ನ ಬರೀರಿ."

"ಎರಡು ವಿಸಿಲ್ ಕೇಳಿದ ಮೇಲೆ ಹೊರಟಿರುತ್ತೇನೆ" ಎಂದು ಬರೆದುಕೊಟ್ಟೆ. ಅದರಲ್ಲಿ ಸುಳ್ಳಿಲ್ಲ.

ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ? ನನಗೆ ಗೊತ್ತಿತ್ತು. ಆ ಎರಡೂ ವಿಸಿಲ್ ಚಿಕ್ಕವು. ಇವರದ್ದಲ್ಲ ಎಂದು ಕಿವಿಗೆ ಬಿದ್ದ ಕೂಡಲೇ ಗೊತ್ತಾಯಿತು. ಗೊತ್ತಿದ್ದೂ ಗುಂಡಿ ಒತ್ತಿದೆ. ಬಿಟ್ಟು ಹೋದರಾದರೂ ನನ್ನ ಹೆಸರು ಹಿಡಿದು ಕೂಗುತ್ತಾರೇನೋ, ನೋಡಿಯೇಬಿಡೋಣ ಅನ್ನಿಸಿತು. ಕೂಗಿದರು. ಏನೆಂದು ಕೂಗಿದರೋ ಕೇಳಿಸಲಿಲ್ಲ.

"ಶಿಲ್ಪಾ" ಎಂದರೋ, ಗಾಡಿ ನಿಲ್ಲಿಸಲು ಕೂಗುವ "ಹೋಲ್ಡಾನ್" ಎಂದರೋ? ನೆನ್ನೆಯಿಂದ ಅದೊಂದೇ ತಲೆಯಲ್ಲಿ. ಕನ್ನಡಿಯಲ್ಲಿ ಕಂಡ ಬಾಯಿಯನ್ನು ನೆನಪು ಮಾಡಿಕೊಂಡು ನಾನೇ ಬಚ್ಚಲುಮನೆ ಕನ್ನಡಿ ಮುಂದೆ ನಿಂತು ಎರಡನ್ನೂ ಹೇಳಿ ನೋಡಿದೆ. "ಯಾರ್ ತಾವ ಮಾತಾಡ್ತಿದೀಯ?" ಎಂದು ಅತ್ತೆ ಆಚೆಯಿಂದ ಕೇಳಿದರು.

ಜುಲೈ 12, ಶನಿವಾರ

ಆನಂದಪ್ಪನವರು ನನ್ನೊಬ್ಬಳನ್ನೇ ಒಳಗೆ ಕರೆದು, ಕನ್ನಡಕ ಹಣೆಗೇರಿಸಿ, ಇವರ ಹೇಳಿಕೆಯನ್ನು ನನ್ನ ಮುಂದಿಟ್ಟರು. "ಇದನ್ನ ಮೇಲಕ್ಕೆ ಹೆಂಗಮ್ಮ ಕಳಿಸ್ಲಿ? ನೀನೇ ಓದು." ಓದಿದೆ. ನೀಲಿ ಇಂಕಿನಲ್ಲಿ, ಇವರ ದುಂಡು ಅಕ್ಷರದಲ್ಲಿ ಹೀಗಿತ್ತು:

"ಹೆಬ್ಬಾಳ ನಿಲ್ದಾಣದಲ್ಲಿ ವಯಸ್ಸಾದ ಮಹಿಳೆಯೊಬ್ಬರ ಮೂಟೆ ಇಳಿಸಲು ನಾನು ಚಾಲಕಿಗೆ ತಿಳಿಸದೆ ಕೆಳಗಿಳಿದಿರುತ್ತೇನೆ. ಸದರಿ ಚಾಲಕಿಯೊಂದಿಗೆ ನಾನು ದಿನಾಂಕ 28-03ರಿಂದ ಮಾತನಾಡಿರುವುದಿಲ್ಲ. ಬಾಯಲ್ಲಿ ಹೇಳಬೇಕಾದ್ದನ್ನೂ ವಿಸಿಲ್‌ನಲ್ಲಿಯೇ ಹೇಳಿರುತ್ತೇನೆ. ಹೆಬ್ಬಾಳದಲ್ಲಿ ಎಲ್ಲರ ಬಳಿಯೂ ವಿಸಿಲ್ ಇರುತ್ತದೆ. ಬಾಯಲ್ಲಿ ಹೇಳಿದ್ದರೆ ಸದರಿ ಚಾಲಕಿಗೆ ನನ್ನ ದನಿ ಗೊತ್ತಾಗುತ್ತಿತ್ತು. ಆದ್ದರಿಂದ ತಪ್ಪು ನನ್ನದಾಗಿರುತ್ತದೆ. ಸದರಿ ಚಾಲಕಿ ಗಾಡಿಯನ್ನು ಚೆನ್ನಾಗಿ ಓಡಿಸುತ್ತಾರೆ."

ಮೂರು ಸಲ ಓದಿದೆ. ನನ್ನನ್ನು ಇವರು ಲೇ ಎಂದಿದ್ದಾರೆ, ಶಿಲ್ಪಿ ಎಂದಿದ್ದಾರೆ, ಎಮ್ಮೆ ಎಂದಿದ್ದಾರೆ. ಚಾಲಕಿ ಎಂದಿದ್ದು ಇದೇ ಮೊದಲು. ಆನಂದಪ್ಪನವರು ಫ್ಯಾನ್ ಜೋರು ಮಾಡಿ ಆ ಕಡೆ ತಿರುಗಿ ಕೂತರು, ನಾನು ಅಳಲಿ ಎಂದು. ಅತ್ತುಬಿಟ್ಟೆ.

ಇವರಿಗೆ ಒಂದು ಮೆಮೊ, ಇನ್ನೊಮ್ಮೆ ಹೀಗಾದರೆ ಶಿಸ್ತು ಕ್ರಮ ಎಂಬ ಎಚ್ಚರಿಕೆ. ನನಗೆ ಏನೂ ಇಲ್ಲ. ಸೋಮವಾರದಿಂದ ಇಬ್ಬರೂ ಬೇರೆ ಬೇರೆ ಗಾಡಿ. ಸತ್ಯ ಹೇಳಿಬಿಡೋಣವೆಂದು ಬಾಯಿ ತೆರೆದೆ. ಹೇಳಲಿಲ್ಲ. ಹೇಳಿದರೆ ಸ್ಟೇರಿಂಗ್ ಹೋಗುತ್ತಿತ್ತು.

ಜುಲೈ 15, ಮಂಗಳವಾರ

ಹೊಸ ಕಂಡಕ್ಟರ್ ಅಪ್ಪಾಸಾಹೇಬ, ವಿಜಯಪುರದ ಕಡೆಯವರು. ಸ್ಟಾಪು ಸ್ಟಾಪಿಗೂ "ಹೋಗೋಣ್ರೀ ಅಕ್ಕಾರ, ರೈಟ್!" ಎನ್ನುತ್ತಾರೆ. ಒಳ್ಳೆಯ ಮನುಷ್ಯ. ನಾನು ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು ಈಗ ದಿನಕ್ಕೆ ಇನ್ನೂರು ಸಲ ಸಿಗುತ್ತಿದೆ.

ಇವರಿಗೆ ಯಶವಂತಪುರದ ಗಾಡಿ ಹಾಕಿದ್ದಾರೆ. ಇವತ್ತು ಹೆಬ್ಬಾಳದಲ್ಲಿ ಒಂದು ಕ್ಷಣ ಎರಡೂ ಬಸ್ಸು ಅಕ್ಕಪಕ್ಕ ನಿಂತವು. ಇವರು "ರೈಟ್ ರೈಟ್ ಪೋಲಾಂ ರೈಟ್" ಎಂದು ತಗಡಿಗೆ ಬಡಿದರು, ಬೇರೆ ಯಾವನೋ ಡ್ರೈವರ್‌ಗೆ. ನನ್ನ ಕಾಲು ತಾನಾಗಿಯೇ ಕ್ಲಚ್ ಒತ್ತಿತು. ಹಾಗೇ ತಡೆದುಕೊಂಡೆ. ಅಪ್ಪಾಸಾಹೇಬರು ಹೇಳುವವರೆಗೆ ಎತ್ತಲಿಲ್ಲ.

ಸಂಜೆ ಅತ್ತೆ "ಆ ಅರ್ಜಿ ಏನಾಯ್ತವ್ವ?" ಎಂದರು. "ಯಾವ ಅರ್ಜಿ?" ಎಂದೆ. ಅತ್ತೆ ಮತ್ತೆ ಕೇಳಲಿಲ್ಲ. ಅಡುಗೆಮನೆಗೆ ಬಂದ ಮೇಲೆ ನೆನಪಾಯಿತು.

ಜುಲೈ 20, ಭಾನುವಾರ

ಇವತ್ತಿಗೆ ನೂರ ಹದಿನಾಲ್ಕು ದಿನ. ಇಬ್ಬರಿಗೂ ರಜ. ಅತ್ತೆ ಯಲಹಂಕಕ್ಕೆ ತಂಗಿಯ ಮನೆಗೆ ಹೋಗಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ಅವನು ಮಾತಾಡ್ಸಲ್ಲ ಅಂತೀಯ. ನೀನು ಕೊನೇಗೆ ಯಾವತ್ತ್ ಮಾತಾಡ್ಸಿದ್ದವ್ವ? ಕಾಲ್ ಇಡ್ಕೊ ಅಂತ ಏಳ್ತಿಲ್ಲ, ಬಾಯಿ ಬಿಡು ಅಂತ ಏಳ್ತಿದೀನಿ" ಎಂದು ಹೋದರು.

ಇವರು ಅಂಗಳದಲ್ಲಿ ಸ್ಕೂಟರ್ ಒರೆಸುತ್ತಿದ್ದರು. ನಾನು ಬಟ್ಟೆ ಒಣಹಾಕುತ್ತಿದ್ದೆ. ನಡುವೆ ಒದ್ದೆ ಸೀರೆ. ಅದು ಇದ್ದಿದ್ದಕ್ಕೇ ಧೈರ್ಯ ಬಂದಿತೇನೋ.

"ಆವತ್ತು ಹೆಬ್ಬಾಳದಲ್ಲಿ ಏನಂತ ಕೂಗಿದ್ರಿ?" ಎಂದೆ.

ಸ್ಕೂಟರ್ ಉಜ್ಜುವ ಸದ್ದು ನಿಂತಿತು. ಇದೂ ಅಷ್ಟೇ ಎಂದುಕೊಂಡು ಇನ್ನೊಂದು ಕ್ಲಿಪ್ಪು ತೆಗೆದುಕೊಂಡೆ.

"ಕೇಳಿಸ್ಲಿಲ್ವಾ?"

ಇವರ ದನಿ. ನನಗೆ. ಕೈಯಲ್ಲಿದ್ದ ಕ್ಲಿಪ್ಪು ಬಿತ್ತು.

"ಇಲ್ಲ. ಗಾಜು ಹಾಕಿತ್ತು."

"ಟ್ಯಾಂಕರ್ ಅಂತ ಕೂಗ್ದೆ. ಬಲಗಡೆ ಟ್ಯಾಂಕರ್, ಬಲಗಡೆ ನೋಡು ಅಂತ."

"ಯಾವ ಟ್ಯಾಂಕರ್?"

ಇವರು ಎದ್ದು ಸೀರೆಯನ್ನು ಸರಿಸಿ ನನ್ನ ಮುಖವನ್ನು ನೋಡಿದರು. "ನೀರಿನ ಟ್ಯಾಂಕರ್ ಕಣೇ. ಹಿಂದಿನಿಂದ ಜೋರಾಗಿ ಬರ್ತಿತ್ತು. ನೀನು ಗಾಡಿ ಆಚೆಗ್ ಎಳೆದಾಗ ನಿನ್ ಹಿಂದಿನ ಮೂಲೆಗೂ ಅದಕ್ಕೂ ಇಷ್ಟೇ ಇಷ್ಟು. ಅವನು ನಿಂತು ಬ್ರೇಕ್ ಹೊಡ್ದ. ಉಳೀತು." ಎರಡು ಕೈಯಲ್ಲಿ ಒಂದು ಗೇಣು ತೋರಿಸಿದರು. "ನೀನು ನೋಡ್ಲಿಲ್ವಾ?"

ನೋಡಿರಲಿಲ್ಲ. ಬಲಗನ್ನಡಿಯ ಕಡೆ ಕಣ್ಣೇ ಹಾಯಿಸಿರಲಿಲ್ಲ. ಬಸ್ಸಿನಲ್ಲಿ ನಲವತ್ತು ಚಿಲ್ಲರೆ ಜನವಿದ್ದರು, ಯೂನಿಫಾರಂ ಹಾಕಿದ ಐದಾರು ಮಕ್ಕಳು ಹಿಂದಿನ ಸೀಟಿನಲ್ಲೇ ಇದ್ದರು. ನಾನು ನನ್ನ ಹೆಸರು ಕೇಳಬೇಕೆಂದು ಗಾಡಿ ಎತ್ತಿದ್ದೆ. ಒಗೆಯುವ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ.

"ಆ ವಿಸಿಲ್ ನಿಮ್ದಲ್ಲ ಅಂತ ನಂಗೆ ಗೊತ್ತಿತ್ತು" ಎಂದೆ.

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು."

"ಮತ್ತೆ ಯಾಕ್ರೀ ಹಂಗೆ ಬರ್ಕೊಟ್ರಿ?"

"ಬರ್ದಿದ್ರಲ್ಲಿ ಸುಳ್ಳೇನಿದೆ?" ಎಂದರು. ಆಮೇಲೆ ನನ್ನ ಎದುರಿಗೆ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಕೈಗೆಲ್ಲ ಗ್ರೀಸ್ ಆಗಿತ್ತು. "ಕಂಬಕ್ಕೆ ತಾಗ್ಸಿದ್ನಲ್ಲ, ಆವತ್ತಿಂದ ನಂಗೆ ನಿದ್ದೆ ಇಲ್ಲ ಕಣೇ. ಬಾಯಿ ಬಿಟ್ರೆ ಏನ್ ಬರುತ್ತೋ ಅಂತ ಬಿಡ್ಲೇ ಇಲ್ಲ. ಆಮೇಲೆ ಹೆಂಗ್ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ." ಕೈ ಒರೆಸಿಕೊಂಡು ಕೇಳಿದರು, "ಆವತ್ತು ಎಲ್ಲಿ ನೋಡ್ತಿದ್ದೆ ನೀನು?"

"ನಿಮ್ಮನ್ನ."

ಇವರು ತಲೆ ತಗ್ಗಿಸಿದರು. ಮಾತಾಡಿದಾಗ ದನಿ ಎರಡಾಗಿ ಒಡೆಯಿತು.

"ಗಾಡಿ ಓಡ್ಸೋವಾಗ ನನ್ನ ನೋಡ್ಬೇಡ ಕಣೇ."

"ಆಯ್ತು" ಎಂದೆ.